ಹೊಕ್ಕಿದ್ದೆಲ್ಲ ಹೊಂದಿದ್ದಲ್ಲ

ಹಾರ್ಡ್‌ವೇರ್ ಅಂಗಡಿಗೆ ಹೊರಟಾಗ ನಾವೆಲ್ಲ ಹಳೆಯ ಸಾಮಾನೊಂದನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತೇವೆ. ಸೋರುವ ನಲ್ಲಿಯ ವಾಷರ್ ಇರಬಹುದು, ಬಾಗಿಲ ಚಿಲಕದ ಸ್ಕ್ರೂ ಇರಬಹುದು. ಕೌಂಟರಿನ ಮೇಲೆ ಅದನ್ನಿಟ್ಟು “ಇಂಥದ್ದೇ ಕೊಡಪ್ಪ” ಎನ್ನುತ್ತೇವೆ. ಅಂಗಡಿಯವನು ಬೆರಳಲ್ಲಿ ಹೊರಳಿಸಿ ನೋಡಿ, “ಇದು ಈಗ ಬರಲ್ಲ ಸಾರ್, ಇದನ್ನ ಹಾಕಿ, ಕೂತ್ಕೊಳ್ಳುತ್ತೆ” ಎಂದು ಬೇರೊಂದನ್ನು ಕೊಡುತ್ತಾನೆ. ಹೆಚ್ಚಿನ ಸಲ ಅದು ಕೂರುತ್ತದೆ. ನಲ್ಲಿಯ ಮಟ್ಟಿಗೆ ಅಷ್ಟು ಸಾಕು. ತಪ್ಪಿದರೂ ನಾಲ್ಕು ಹನಿ ನೀರು ಹೋದೀತು. ಮನುಷ್ಯರನ್ನು ಹೊತ್ತು ಓಡುವ ಚಕ್ರದ ವಿಷಯದಲ್ಲಿ ಮಾತ್ರ ಈ ‘ಕೂತ್ಕೊಳ್ಳುತ್ತೆ’ ಎಂಬ ಮಾತನ್ನು ನಂಬುವ ಮೊದಲು ಸ್ವಲ್ಪ ನಿಲ್ಲಬೇಕಾಗುತ್ತದೆ.

ನೂರು ವರ್ಷದ ಹಿಂದಿನ ಅಮೆರಿಕದ ಕಾರುಗಳನ್ನು ದುರಸ್ತಿ ಮಾಡಿ ಮತ್ತೆ ರಸ್ತೆಗಿಳಿಸುವವರು ಹಾಗೆ ನಿಲ್ಲುವವರು. ಹೆನ್ರಿ ಫೋರ್ಡರ ಮಾಡೆಲ್ ಟಿ ಕಾರನ್ನೇ ನೋಡೋಣ. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಈ ಕಾರಿನಲ್ಲಿ ಬಹುಪಾಲು ಓಡಿದ್ದು ಮರದ ಚಕ್ರದ ಮೇಲೆ. ಮರ ಹಿಕರಿ. ಉತ್ತರ ಅಮೆರಿಕದ ಗಡಸು ಜಾತಿ, ಪೆಟ್ಟು ಬಿದ್ದರೆ ಸಿಡಿಯದೆ ತಾಳಿಕೊಳ್ಳುತ್ತದೆ. ಅಲ್ಲಿ ಕೊಡಲಿಯ ಕಾವಿಗೂ ಅದೇ ಮರ. ಚಕ್ರಕ್ಕೆ ಹನ್ನೆರಡು ಅರಗಳು. ನಮ್ಮ ಎತ್ತಿನಗಾಡಿಯಲ್ಲಿ ಅರಗಳನ್ನು ಮರದ ಗುಂಬಕ್ಕೆ ತೂತು ಕೊರೆದು ಬಡಿಯುತ್ತಾರೆ. ಇಲ್ಲಿ ಹಾಗಲ್ಲ. ಅರಗಳ ಬುಡವನ್ನು ಓರೆಯಾಗಿ ಕೆತ್ತಿರುತ್ತಾರೆ, ಹನ್ನೆರಡೂ ಬುಡಗಳು ನಡುವಿನಲ್ಲಿ ಕಿತ್ತಳೆಯ ತೊಳೆಗಳ ಹಾಗೆ ಒಂದನ್ನೊಂದು ಒತ್ತಿ ಕೂರುತ್ತವೆ. ಈ ಕಡೆಯೊಂದು ಆ ಕಡೆಯೊಂದು ಉಕ್ಕಿನ ತಟ್ಟೆ, ಎರಡನ್ನೂ ಮರದ ಮೂಲಕ ಹಾದು ಬಿಗಿಯುವ ಆರು ಬೋಲ್ಟು. ಚಕ್ರದ ಯೋಗಕ್ಷೇಮವೆಲ್ಲ ಆ ಆರರ ಮೇಲೆ.

ಈ ಜೋಡಣೆ ಮೋಟಾರು ಕಾರಿಗಿಂತ ಹಳೆಯದು. ಕುದುರೆಗಳು ಎಳೆಯುವ ಫಿರಂಗಿ ಗಾಡಿ ಓಟದಲ್ಲಿ ಥಟ್ಟನೆ ಪಕ್ಕಕ್ಕೆ ತಿರುಗಿದಾಗ ಮಾಮೂಲಿ ಗಾಡಿಯ ಚಕ್ರ ಆ ಅಡ್ಡ ಒತ್ತಡಕ್ಕೆ ಮುರಿಯುತ್ತಿತ್ತು. ಅದಕ್ಕೆ ಪರಿಹಾರವಾಗಿ ಬಂದದ್ದು ಲೋಹದ ಗುಂಬಕ್ಕೆ ಬೋಲ್ಟು ಹಾಕುವ ಈ ವಿಧಾನ. ಅದರ ಮುಖ್ಯ ಸುಧಾರಣೆಗಳು ನಡೆದದ್ದು 1850ರಿಂದ 1880ರ ನಡುವೆ ನಮ್ಮ ಪಕ್ಕದಲ್ಲೇ, ‘ಮದ್ರಾಸ್ ಮಾದರಿ’ ಎಂದು ಹೆಸರಾದ ಫಿರಂಗಿ ಚಕ್ರಗಳಲ್ಲಿ. ಅದಕ್ಕೂ ಹಿಂದೆ, ಟಿಪ್ಪುವಿನ ಪತನದ ನಂತರ, ಕಂಪನಿ ಸರಕಾರ ಫಿರಂಗಿ ಗಾಡಿಗಳ ಕಾರ್ಖಾನೆಯನ್ನು ಶ್ರೀರಂಗಪಟ್ಟಣದಲ್ಲಿ ನಡೆಸುತ್ತಿತ್ತು. ಆಮೇಲೆ ಅದು ಮದ್ರಾಸಿಗೆ ಹೋಯಿತು. ಡೆಟ್ರಾಯಿಟಿನ ಕಾರಿನ ಚಕ್ರದಲ್ಲಿ ಈ ಕಡೆಯ ಬಡಗಿ, ಕಮ್ಮಾರರ ಅನುಭವವೂ ಒಂದಿಷ್ಟು ಸೇರಿದೆ ಎಂದರೆ ತಪ್ಪಾಗಲಾರದು. ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋದಾಗ ನಾವೆಲ್ಲ ಹಳೆಯ ಕಾರುಗಳ ದೀಪ, ಹಾರನ್ನು, ಬಣ್ಣ ನೋಡಿ ಬೆರಗಾಗುತ್ತೇವೆ. ಇನ್ನೊಮ್ಮೆ ಅಂಥ ಕಡೆ ಹೋದರೆ ಸ್ವಲ್ಪ ಬಗ್ಗಿ ಚಕ್ರಗಳ ನಡುಭಾಗವನ್ನೂ ನೋಡಿ ಬನ್ನಿ.

ಈ ಬೋಲ್ಟುಗಳಲ್ಲಿ ಒಂದು ತುಕ್ಕು ಹಿಡಿದು ಸವೆಯಿತು ಎನ್ನಿ. ಸರಿಯಾದ ಇನ್ನೊಂದನ್ನು ಎಲ್ಲಿಂದ ತರುವುದು? ತೊಡಕು ಶುರುವಾಗುವುದೇ ಇಲ್ಲಿ. ಬೋಲ್ಟಿನ ಮೈಮೇಲಿನ ಥ್ರೆಡ್ಡಿಗೂ ಒಂದು ವಂಶಾವಳಿ ಇದೆ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವ್ಹಿಟ್‌ವರ್ತ್, ಥ್ರೆಡ್ಡಿನ ಕೋನ 55 ಡಿಗ್ರಿ ಇರಬೇಕೆಂದು ಒಂದು ಕ್ರಮ ಹಾಕಿಕೊಟ್ಟ. 1864ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸೆಲರ್ಸ್ 60 ಡಿಗ್ರಿಯ ಬೇರೊಂದು ಕ್ರಮವನ್ನು ಮುಂದಿಟ್ಟ, ಅಮೆರಿಕ ಅದನ್ನು ಹಿಡಿಯಿತು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ನಮ್ಮಲ್ಲಿ ವ್ಹಿಟ್‌ವರ್ತ್ ಬೇರೂರಿತು. ಈಗ ಎರಡನ್ನೂ ಅಕ್ಕಪಕ್ಕ ಇಡೋಣ. ಅರ್ಧ ಇಂಚು ದಪ್ಪದ ಬೋಲ್ಟಿನಲ್ಲಿ ಇಂಚಿಗೆ ಅಮೆರಿಕದ್ದು 13 ಸುತ್ತು, ಬ್ರಿಟನ್ನಿನದು 12. ಒಂದರ ನಟ್ಟು ಇನ್ನೊಂದಕ್ಕೆ ಸಲೀಸಾಗಿ ಏರುವುದೇ ಇಲ್ಲ. ಅಲ್ಲಿ ಮೋಸವಿಲ್ಲ, ನಟ್ಟೇ ತಡೆದು ಹೇಳಿಬಿಡುತ್ತದೆ. ಇಂಚಿನ ಎಂಟರಲ್ಲಿ ಮೂರು ಪಾಲು ದಪ್ಪದ ಬೋಲ್ಟಿನಲ್ಲಿ ಮಾತ್ರ ಇಬ್ಬರದೂ ಇಂಚಿಗೆ 16 ಸುತ್ತು. ನಟ್ಟು ನುಣ್ಣಗೆ ಏರುತ್ತದೆ, ಕೊನೆಯವರೆಗೂ ತಿರುಗುತ್ತದೆ, ಸ್ಪ್ಯಾನರ್ ಹಾಕಿದರೆ ಬಿಗಿದಂತೆಯೂ ಅನಿಸುತ್ತದೆ. ಒಳಗೆ ಐದು ಡಿಗ್ರಿಯ ವ್ಯತ್ಯಾಸ ಉಳಿದೇ ಇರುತ್ತದೆ. ಹಲ್ಲಿನ ಪೂರ್ತಿ ಮೈ ಇನ್ನೊಂದು ಹಲ್ಲಿಗೆ ತಾಗದೆ ಅಂಚು ಮಾತ್ರ ತಾಗಿ ಭಾರವನ್ನೆಲ್ಲ ಆ ಅಂಚೇ ಹೊರುತ್ತದೆ. ಇದು ತಿಳಿಯುವುದು ಬಿಗಿದ ದಿನವಲ್ಲ, ಎಷ್ಟೋ ಮೈಲಿ ಓಡಿ ಅಂಚು ಸವೆದ ಮೇಲೆ.

ಒಂದು ದೇಶದ ನಟ್ಟು ಇನ್ನೊಂದು ದೇಶದ ಬೋಲ್ಟಿಗೆ ಸೇರದಿದ್ದರೆ ಏನೆಲ್ಲ ಫಜೀತಿ ಎನ್ನುವುದು ಎರಡನೇ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳಿಗೆ ಚೆನ್ನಾಗಿ ಅರಿವಾಯಿತು. 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಕೂತು ಒಂದೇ ಥ್ರೆಡ್ಡಿಗೆ ಒಪ್ಪಿಕೊಂಡವು. ಆ ಒಪ್ಪಂದಕ್ಕೂ ಹಿಂದಿನ ಚಕ್ರಗಳಿಗೆ ಇದರಿಂದ ದೊಡ್ಡ ಸಹಾಯವಾಗಲಿಲ್ಲ. ಹಾಗಾಗಿ ಕೆಲಸ ಬಲ್ಲವರು ಹಳೆಯ ಬೋಲ್ಟನ್ನು, ಅದು ಎಷ್ಟೇ ಕೆಟ್ಟಿರಲಿ, ಎಸೆಯುವುದಿಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿಬ್ರಷ್ಷಿನಿಂದ ಉಜ್ಜಿ, ಥ್ರೆಡ್ ಗೇಜಿನ ಎಲೆಗಳನ್ನು ಒಂದೊಂದಾಗಿ ಅದರ ಮೈಗೆ ಹಿಡಿದು ಬೆಳಕಿನ ಎದುರು ನೋಡುತ್ತಾರೆ. ಗೇಜಿನ ಹಲ್ಲಿಗೂ ಬೋಲ್ಟಿಗೂ ನಡುವೆ ಬೆಳಕಿನ ಗೆರೆ ಕಂಡರೆ ಆ ಎಲೆ ಅಲ್ಲ. ಎಲ್ಲೂ ಬೆಳಕು ನುಸುಳದ ಎಲೆ ಸಿಕ್ಕಿದಾಗಲೇ ಲೆಕ್ಕ ಸರಿ. ಆಮೇಲೆ ಉದ್ದ, ತಲೆಯ ಆಕಾರ, ಕತ್ತಿನ ದಪ್ಪ ಅಳೆಯುತ್ತಾರೆ. ಈಗಿನ ಗಟ್ಟಿ ಬೋಲ್ಟುಗಳ ತಲೆಯ ಮೇಲೆ ಬಲ ಸೂಚಿಸುವ ಮೂರು ಅಥವಾ ಆರು ಗೆರೆಗಳಿರುತ್ತವೆ, ಆ ಕಾಲದ ಬೋಲ್ಟಿಗೆ ಇರಲಿಲ್ಲ. ಗೆರೆಗಳನ್ನು ಫೈಲಿನಿಂದ ಉಜ್ಜಿ ತೆಗೆಯುವವರಿದ್ದಾರೆ, ಅದು ನೋಟಕ್ಕಾಗಿ. ನನ್ನ ಮಟ್ಟಿಗೆ ನೋಟ ಎರಡನೆಯದು, ಹಿಡಿತ ಮೊದಲನೆಯದು. ಎರಡನ್ನೂ ಸಾಧಿಸುವವರ ತಾಳ್ಮೆಗೆ ಮಾತ್ರ ಮನಸಾರೆ ತಲೆಬಾಗುತ್ತೇನೆ.

ಮಾಡೆಲ್ ಟಿ ಇಟ್ಟುಕೊಂಡವರು ಒಂದು ರೀತಿಯಲ್ಲಿ ಭಾಗ್ಯವಂತರು. ಅದರ ಬಿಡಿಭಾಗಗಳನ್ನು ಇಂದಿಗೂ ಹೊಸದಾಗಿ ಮಾಡಿ ಮಾರುವವರು ಅಮೆರಿಕದಲ್ಲಿದ್ದಾರೆ. ಮ್ಯಾಕ್ಸ್‌ವೆಲ್, ಹಪ್‌ಮೊಬೈಲ್, ಓವರ್‌ಲ್ಯಾಂಡ್‌ನಂಥ ಕಾರಿನವರಿಗೆ ಅಷ್ಟು ಸುಲಭವಿಲ್ಲ. ಹಳೆಯ ಸಾಮಾನಿನ ರಾಶಿಯಲ್ಲಿ ಹುಡುಕಬೇಕು, ಇಲ್ಲವೇ ಲೇತಿನಲ್ಲಿ ಕಡೆಸಬೇಕು. ಆರು ಬೋಲ್ಟಿಗಾಗಿ ಕಾರು ತಿಂಗಳುಗಟ್ಟಲೆ ಕಟ್ಟೆಯ ಮೇಲೆ ಕೂರುವುದೂ ಉಂಟು. ಆ ಹೊತ್ತಿನಲ್ಲಿ ಅಡ್ಡದಾರಿಗಳು ಕಣ್ಣಿಗೆ ಬೀಳುತ್ತವೆ. ಅರ ಅಲುಗಾಡಿ ಕಿರುಗುಟ್ಟಿದರೆ ಚಕ್ರಕ್ಕೆ ನೀರು ಹೊಯ್ದು ಮರ ಉಬ್ಬಿಸುವುದು ಅಂಥದ್ದೊಂದು. ಸದ್ದು ನಿಲ್ಲುತ್ತದೆ. ಒಣಗಿದ ಮೇಲೆ ಸಡಿಲ ಇನ್ನಷ್ಟು ಹೆಚ್ಚುತ್ತದೆ, ಬೋಲ್ಟಿನ ಸುತ್ತ ತೇವ ನಿಂತು ತುಕ್ಕೂ ಹಿಡಿಯುತ್ತದೆ. ಬೋಲ್ಟನ್ನೇ ಇನ್ನಷ್ಟು ಬಿಗಿದರೂ ಆ ರೋಗ ವಾಸಿಯಾಗದು. ತಟ್ಟೆಗಳು ಮರವನ್ನು ಅಕ್ಕಪಕ್ಕದಿಂದ ಒತ್ತುತ್ತವೆ, ಸಡಿಲ ಇರುವುದು ಅರ ಅರಗಳ ನಡುವೆ. ಅದಕ್ಕೆ ಹೊಸ ಅರಗಳೇ ಆಗಬೇಕು.

ದಶರಥನ ರಥದ ಕಡಾಣಿ ಯುದ್ಧದ ನಡುವೆ ಕಳಚಿದಾಗ ಕೈಕೇಯಿ ಬೆರಳಿಟ್ಟು ಚಕ್ರ ಉಳಿಸಿದಳೆಂಬ ಕಥೆಯನ್ನು ನಮ್ಮ ಅಜ್ಜಿಯರೆಲ್ಲ ಹೇಳಿದ್ದಾರೆ. ಕೇಳಿದವರ ಮನಸ್ಸು ಆಕೆಯ ಧೈರ್ಯದ ಮೇಲೆ ನಿಲ್ಲುತ್ತದೆ, ಅದು ನ್ಯಾಯವೇ. ಆದರೂ ನನಗೆ ಪ್ರತಿ ಸಲ ನೆನಪಾಗುವವನು, ಅಂದು ಬೆಳಿಗ್ಗೆ ರಥ ಹೊರಡುವ ಮುನ್ನ ಕಡಾಣಿ ನೋಡಬೇಕಾಗಿದ್ದ ಆಳು. ಅವನು ಒಂದು ಕ್ಷಣ ಬಗ್ಗಿ ನೋಡಿದ್ದರೆ ಆಕೆಯ ಬೆರಳಿಗೆ ಆ ಯಾತನೆ ಇರುತ್ತಿರಲಿಲ್ಲ. ಹಾಗೆ ನೋಡುವವನ ಕಥೆಯನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ಅವನು ನೋಡಿದ ದಿನ ಹೇಳುವಂಥದ್ದೇನೂ ನಡೆಯುವುದಿಲ್ಲ. ನಮ್ಮ ಸಂಸಾರಗಳು ಸುಸೂತ್ರವಾಗಿ ಸಾಗುವುದು ಇಂಥವರಿಂದ. ಮಲಗುವ ಕೋಣೆಯ ಫ್ಯಾನನ್ನೇ ನೆನೆಯಿರಿ. ಕೊಕ್ಕೆಗೆ ಅದನ್ನು ತೂಗುಹಾಕುವುದು ಒಂದು ಬೋಲ್ಟು, ಒಂದು ನಟ್ಟು, ನಟ್ಟು ಕಳಚದಂತೆ ಒಂದು ಸ್ಪ್ಲಿಟ್ ಪಿನ್ನು. ಪಿನ್ನು ಎಲ್ಲೋ ಬಿದ್ದುಹೋಯಿತೆಂದು ಕೆಲಸದವನು ಹಾಗೆಯೇ ಬಟ್ಟಲು ಮೇಲೇರಿಸಿ ಮುಚ್ಚಿದರೆ ಕೆಳಗೆ ನಿಂತ ನಮಗೆ ಏನೂ ಕಾಣುವುದಿಲ್ಲ. ಮುಚ್ಚುವ ಮೊದಲು “ಪಿನ್ನು ಹಾಕಿದ್ದೀಯೇನಪ್ಪ, ಒಂದ್ಸಲ ತೋರಿಸು” ಎಂದು ಕೇಳುವುದರಲ್ಲಿ ಅಪನಂಬಿಕೆಯೇನಿಲ್ಲ. ಒಳ್ಳೆಯ ಕೆಲಸಗಾರ ಸಂತೋಷದಿಂದಲೇ ತೋರಿಸುತ್ತಾನೆ.

ಮಾಡೆಲ್ ಟಿಯ ಮುಂದಿನ ಚಕ್ರಗಳ ಅಚ್ಚಿನ ತುದಿಯಲ್ಲಿ ಒಂದರ ನಟ್ಟು ಬಲಕ್ಕೆ ತಿರುಗಿಸಿದರೆ ಬಿಗಿಯುತ್ತದೆ, ಇನ್ನೊಂದರದು ಎಡಕ್ಕೆ. ಚಕ್ರ ಉರುಳುವ ದಿಕ್ಕಿಗೆ ನಟ್ಟು ತಾನೇ ಸಡಿಲವಾಗದಿರಲೆಂದು ಆಗಿನವರು ಹಾಗೆ ಮಾಡಿ, ಅದರ ಮೇಲೆ ಪಿನ್ನನ್ನೂ ಹಾಕಿದರು. ಕಾರನ್ನು ಓಡಿಸುವವನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಆದರೂ ಅವನ ಮರೆವನ್ನೂ ಅವಸರವನ್ನೂ ಮುಂದಾಗಿ ಊಹಿಸಿ ಅವನಿಗಾಗಿ ಎರಡು ಕಾವಲು ಇಟ್ಟರು. ಇಂದು ದುರಸ್ತಿ ಮಾಡುವವರೂ ಅದೇ ಹಾದಿಯಲ್ಲಿ ನಡೆಯುತ್ತಾರೆ. ಒಂದು ಬೋಲ್ಟು ಕೆಟ್ಟರೂ ಆರನ್ನೂ ಬದಲಿಸುತ್ತಾರೆ, ಉಳಿದ ಐದೂ ಅದೇ ವಯಸ್ಸಿನವಲ್ಲವೇ. ಯಾವ ವರ್ಷ ಬದಲಿಸಿದ್ದು, ಥ್ರೆಡ್ಡು ಯಾವುದು, ಯಾವುದು ಮೂಲದ್ದು, ಯಾವುದು ಹೊಸದಾಗಿ ಕಡೆಸಿದ್ದು ಎಂದು ಚೀಟಿಯಲ್ಲಿ ಬರೆದು ಕಾರಿನ ಕಾಗದಪತ್ರಗಳ ಜೊತೆ ಇಡುತ್ತಾರೆ. ಬೋಲ್ಟು ಬಿಗಿದ ಮೇಲೆ ಕಾರನ್ನು ನಿಧಾನವಾಗಿ ಸ್ವಲ್ಪ ದೂರ ಓಡಿಸಿ, ಮರ ಹೊಸ ಬಿಗಿತಕ್ಕೆ ಒಗ್ಗಿದ ಬಳಿಕ ಮತ್ತೊಮ್ಮೆ ಬಿಗಿಯುತ್ತಾರೆ. ಇನ್ನು ಅಲುಗದು ಎಂದು ಖಾತ್ರಿಯಾದ ಮೇಲಷ್ಟೇ, ಹಳೆಯ ಪದ್ಧತಿಯಂತೆ, ಬೋಲ್ಟಿನ ತುದಿಯನ್ನು ಸುತ್ತಿಗೆಯಿಂದ ತಟ್ಟಿ ನಟ್ಟಿನ ಮೇಲೆ ಅರಳಿಸುತ್ತಾರೆ.