ಖರ್ಚಿನ ಕೆಳಗಿನ ಸಾಲುಗಳು

ಅಮ್ಮ ತೀರಿಕೊಂಡು ಮೂರು ತಿಂಗಳಾದ ಮೇಲೆ ಅಕ್ಕ ಹಾಸನದಿಂದ ಮೈಸೂರಿಗೆ ಬಂದಿದ್ದಳು. ಬಂದದ್ದು ಲೆಕ್ಕಕ್ಕೆ. ಅಮ್ಮ ಹಾಸಿಗೆ ಹಿಡಿದ 14 ತಿಂಗಳಲ್ಲಿ ಯಾರು ಎಷ್ಟು ಹಾಕಿದರು, ಯಾರು ಯಾರಿಗೆ ಇನ್ನೆಷ್ಟು ಕೊಡಬೇಕು ಎನ್ನುವುದನ್ನು ಮುಗಿಸಿಬಿಡೋಣ ಎಂದು ನಾವು ಮೂವರೂ ಮಾತಾಡಿಕೊಂಡಿದ್ದೆವು. ತಮ್ಮ ಪುಣೆಯಿಂದ ಫೋನಿನಲ್ಲಿದ್ದ. ನಾನು ಲ್ಯಾಪ್‌ಟಾಪ್ ತೆರೆದು ನನ್ನ ಟಿಪ್ಪಣಿಗಳನ್ನು ತೋರಿಸಿದೆ. ಒಳಗೊಳಗೇ ಹೆಮ್ಮೆಯಿತ್ತು. ಅಷ್ಟು ಅಚ್ಚುಕಟ್ಟಾಗಿ ಬರೆದಿಟ್ಟಿದ್ದೆ.

ನಾನು ಬಳಸುವುದು ಟಿಡ್ಲಿವಿಕಿ. ಜೆರೆಮಿ ರಸ್ಟನ್ ಎಂಬವರು 2004ರಲ್ಲಿ ಹೊರತಂದ ತಂತ್ರಾಂಶ. ವಿಕಿಪೀಡಿಯದಂತೆ ಊರಿಗೆಲ್ಲ ತೆರೆದದ್ದಲ್ಲ, ಒಬ್ಬರೇ ಬರೆದುಕೊಳ್ಳುವ ಖಾಸಗಿ ವಿಕಿ. ಇಡೀ ಪುಸ್ತಕ ಒಂದೇ ಒಂದು ಫೈಲಿನಲ್ಲಿರುತ್ತದೆ, ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ. ಅದರಲ್ಲಿನ ಪ್ರತಿ ಚೀಟಿಗೂ ಟಿಡ್ಲರ್ ಎಂದು ಹೆಸರು. ಇಂಗ್ಲಿಷಿನ ಆಡುಮಾತಿನಲ್ಲಿ ಹಾಗೆಂದರೆ ಪುಟ್ಟ ಮೀನು. ಅಮ್ಮನಿಗೆ ಸ್ಟ್ರೋಕ್ ಆದ ವಾರವೇ ನಾನು ಅದಕ್ಕೆ ಸ್ಟ್ರೀಮ್ಸ್ ಎನ್ನುವ ಪ್ಲಗಿನ್ ಸೇರಿಸಿಕೊಂಡೆ. ಅದು ಔಟ್‌ಲೈನರ್. ಒಂದು ಸಾಲು ಬರೆದು ಎಂಟರ್ ಒತ್ತಿದರೆ ಅದರ ಕೆಳಗೆ ಇನ್ನೊಂದು ಸಾಲು. ಟ್ಯಾಬ್ ಒತ್ತಿದರೆ ಆ ಸಾಲು ಬಲಕ್ಕೆ ಸರಿದು ಮೇಲಿನ ಸಾಲಿನ ಒಳಗೆ ಸೇರಿಕೊಳ್ಳುತ್ತದೆ. ಶಿಫ್ಟ್ ಹಿಡಿದು ಟ್ಯಾಬ್ ಒತ್ತಿದರೆ ಹೊರಗೆ ಬರುತ್ತದೆ. ರಾತ್ರಿ ಎರಡು ಗಂಟೆಗೆ, ಅರ್ಧ ನಿದ್ದೆಯಲ್ಲಿ, ಒಂದೇ ಕೈಯಲ್ಲಿ ಬರೆಯಲು ಇದಕ್ಕಿಂತ ಅನುಕೂಲವಾದದ್ದು ನನಗೆ ಸಿಗಲಿಲ್ಲ. ಇದರ ವಿಶೇಷವೆಂದರೆ ಪ್ರತಿ ಸಾಲೂ ಬೇರೆಯೇ ಒಂದು ಟಿಡ್ಲರ್. ಅದಕ್ಕೆ ತನ್ನದೇ ಹುಟ್ಟಿದ ಹೊತ್ತು ಇರುತ್ತದೆ, ತಾನು ಯಾವ ಸಾಲಿನ ಕೆಳಗಿದ್ದೇನೆ ಎಂಬ ಗುರುತು ಇರುತ್ತದೆ. ಆ ಗುರುತಿನ ಹೆಸರು ಪೇರೆಂಟ್. ಅಮ್ಮನ ಬಗ್ಗೆ ಬರೆದ ಸಾವಿರಾರು ಸಾಲುಗಳಿಗೆ ಇನ್ಯಾವುದೋ ಸಾಲು ಪೇರೆಂಟ್ ಆಗಿತ್ತು ಎನ್ನುವುದು ಆಗ ತಮಾಷೆಯಾಗಿಯೂ ಕಂಡಿರಲಿಲ್ಲ.

ಅಕ್ಕ ಮೊದಲು ಮೆಚ್ಚಿಕೊಂಡಳು. ಔಷಧಿ, ಡಾಕ್ಟರು, ಊಟ, ನಿದ್ದೆ, ಫಿಸಿಯೋಥೆರಪಿ, ಬಂದುಹೋದವರು, ಖರ್ಚು, ಎಲ್ಲವೂ ಒಂದರ ಕೆಳಗೊಂದು ಇದ್ದವು. ಖರ್ಚನ್ನು ತೆರೆದರೆ ತಿಂಗಳುಗಳು, ತಿಂಗಳನ್ನು ತೆರೆದರೆ ಬಿಲ್ಲುಗಳು. ಸ್ವಲ್ಪ ಹೊತ್ತು ನೋಡಿದ ಮೇಲೆ ಅವಳು ಅಮ್ಮನನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿನ ಹೆಸರು ಹೇಳಿ, "ಅವಳೆಲ್ಲಿ ಕಣೋ?" ಅಂದಳು.

"ಇದೆಯಲ್ಲ," ಎಂದು ತೋರಿಸಿದೆ. ಖರ್ಚು, ಅದರ ಕೆಳಗೆ ಸಂಬಳ, ಅದರ ಕೆಳಗೆ ಅವರ ಹೆಸರು, ಅದರ ಕೆಳಗೆ ತಿಂಗಳವಾರು ಮೊತ್ತ. ಮೂರು ಸಲ ಮುಂಗಡ ತೆಗೆದುಕೊಂಡದ್ದು. ರಜೆ ಹಾಕಿದ ದಿನಗಳು.

"ಇಷ್ಟೇನಾ?" ಅಂದಳು ಅಕ್ಕ. ಬೈಯಲು ಹೇಳಿದ ಮಾತಲ್ಲ. ಬೇರೆ ಕಡೆ ಇನ್ನೂ ಇರಬಹುದು ಎಂದುಕೊಂಡೇ ಕೇಳಿದ್ದಳು. ಫೋನಿನಲ್ಲಿ ತಮ್ಮ ಮೊತ್ತ ಎಷ್ಟಾಯಿತು ಎಂದು ಕೇಳುತ್ತಿದ್ದ. ಲೆಕ್ಕ ಮುಂದುವರಿಯಿತು, ಮುಗಿಯಿತು.

ಅಕ್ಕ ಊರಿಗೆ ಹೋದ ರಾತ್ರಿ ನಾನು ಅವರ ಹೆಸರು ಹಾಕಿ ಹುಡುಕಿದೆ. ಇಷ್ಟೇ. ಖರ್ಚಿನ ಕೆಳಗೆ ಬಿಟ್ಟರೆ ಬೇರೆಲ್ಲೂ ಅವರಿಲ್ಲ. ಆದರೆ ಸಾಲುಗಳನ್ನು ಒಂದೊಂದಾಗಿ ಓದುತ್ತ ಹೋದಂತೆ ಎಲ್ಲ ಕಡೆಯೂ ಅವರೇ ಇದ್ದರು. "ಎಡಗಾಲಿನ ಮೀನಖಂಡ ಊದಿದೆ, ಮುಟ್ಟಿದರೆ ಬಿಸಿ" ಎಂಬ ಸಾಲಿದೆ. ಅದನ್ನು ಮೊದಲು ಕಂಡದ್ದು ಅವರು. ನಾನು ಆಫೀಸಿನಲ್ಲಿದ್ದೆ. ಅವರು ಹಟ ಹಿಡಿದು ಫೋನು ಮಾಡಿದ್ದಕ್ಕೆ ಅದೇ ಸಂಜೆ ಸ್ಕ್ಯಾನ್ ಆಗಿ ರಕ್ತ ಹೆಪ್ಪುಗಟ್ಟಿದ್ದು ಗೊತ್ತಾಯಿತು. ನನ್ನ ಟಿಪ್ಪಣಿಯಲ್ಲಿ ಕಾಲು ತಾನಾಗಿಯೇ ಊದಿದೆ, ತಾನಾಗಿಯೇ ಕಂಡುಬಂದಿದೆ. ಕೆಳಗೆ ಡಾಕ್ಟರ ಹೆಸರು ಮಾತ್ರ ಪೂರ್ತಿ ಇದೆ, ಡಿಗ್ರಿಯ ಸಮೇತ. ಇನ್ನು "ಅಮ್ಮ ಹೇಳಿದ್ದು" ಎಂಬ ತಲೆಬರಹ. ಸ್ಟ್ರೋಕ್ ಆದ ಮೇಲೆ ಅಮ್ಮನ ಮಾತು ತೊದಲಾಗಿ ನಮಗ್ಯಾರಿಗೂ ಸರಿಯಾಗಿ ತಿಳಿಯುತ್ತಿರಲಿಲ್ಲ. ತಿಳಿಯುತ್ತಿದ್ದುದು ಅವರೊಬ್ಬರಿಗೆ. ಆ ತಲೆಬರಹದ ಕೆಳಗಿನ ಮುಕ್ಕಾಲು ಸಾಲುಗಳು ಅವರು ಕೇಳಿಸಿಕೊಂಡು, ಅರ್ಥ ಮಾಡಿಕೊಂಡು, ನನಗೆ ಹೇಳಿದವು.

ಟಿಡ್ಲಿವಿಕಿ ಪ್ರತಿ ಚೀಟಿಯ ಬೆನ್ನಿಗೆ ಅದನ್ನು ಬರೆದವರು ಯಾರು, ಕೊನೆಗೆ ತಿದ್ದಿದವರು ಯಾರು ಎಂದು ತಾನೇ ಹಚ್ಚಿಟ್ಟುಕೊಳ್ಳುತ್ತದೆ, ನಮ್ಮ ಹೆಸರನ್ನು ಒಮ್ಮೆ ಕೊಟ್ಟಿದ್ದರೆ ಸಾಕು. ಎಲ್ಲ ಸಾಲುಗಳ ಬೆನ್ನಿಗೂ ನನ್ನ ಹೆಸರಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ. ಬರೆದವನು ನಾನೇ.

ಇದರಲ್ಲಿ ನೈತಿಕ ಪ್ರಶ್ನೆ ಏನು ಬಂತು, ಪಟ್ಟಿ ಅಂದರೆ ಪಟ್ಟಿ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ಸಭಿಕರ ಎದುರು ಕಂಪ್ಯೂಟರಿನಲ್ಲಿ ಇಂಥದ್ದನ್ನು ಮಾಡಿ ತೋರಿಸಿದಾಗ ಅವರು ಆರಿಸಿಕೊಂಡ ಉದಾಹರಣೆಗಳಲ್ಲೊಂದು ಅಂಗಡಿಯಿಂದ ತರಬೇಕಾದ ಸಾಮಾನಿನ ಪಟ್ಟಿ. ಸಾಮಾನುಗಳನ್ನು ಗುಂಪು ಮಾಡಿದರು, ಗುಂಪುಗಳನ್ನು ಮುಚ್ಚಿದರು, ತೆರೆದರು. ಬಾಳೆಹಣ್ಣನ್ನು ಯಾವುದರ ಕೆಳಗೆ ಹಾಕಿದರೂ ಬಾಳೆಹಣ್ಣಿಗೆ ಬೇಸರವಿಲ್ಲ. ಸಂಬಳ ಖರ್ಚೇ, ಅದನ್ನು ಖರ್ಚಿನ ಕೆಳಗೆ ಬರೆಯದೆ ಇನ್ನೆಲ್ಲಿ ಬರೆಯುವುದು? ಅಲ್ಲಿ ಬರೆಯದೇ ಹೋಗಿದ್ದರೆ ಅಂದಿನ ಲೆಕ್ಕ ಮುಗಿಯುತ್ತಲೂ ಇರಲಿಲ್ಲ. ಬೆಳಗಿನ ಜಾವ ಯಾವ ಮಾತ್ರೆ ಎಷ್ಟು ಹೊತ್ತಿಗೆ ಎಂದು ಹುಡುಕುವವನಿಗೆ ಸಮಾನತೆಯ ತತ್ತ್ವ ಬೇಡ, ತಲೆಬರಹ ಬೇಕು. ಕ್ರಮವಿಲ್ಲದೆ ಒಬ್ಬ ರೋಗಿಯನ್ನು ನೋಡಿಕೊಳ್ಳಲು ಆಗುವುದಿಲ್ಲ, ಇದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಬಾಳೆಹಣ್ಣಿನ ವಿಷಯದಲ್ಲಿ ಸಲ್ಲುವ ಈ ಮಾತು ಮನುಷ್ಯರ ವಿಷಯಕ್ಕೆ ಬಂದಾಗ ಸಲ್ಲುವುದಿಲ್ಲ ಎನಿಸುತ್ತದೆ. ಇಲ್ಲಿ ಕನ್ನಡದ್ದೇ ಒಂದು ಸಂಗತಿ ನನಗೆ ಮತ್ತೆ ಮತ್ತೆ ನೆನಪಾಯಿತು. ವಚನಗಳು ಹುಟ್ಟುವಾಗ ಬಿಡಿಬಿಡಿ. ಹನ್ನೆರಡನೇ ಶತಮಾನದ ಆ ಬಿಡಿ ಮಾತುಗಳನ್ನು ಹದಿನೈದನೇ ಶತಮಾನದ ಹೊತ್ತಿಗೆ ಶೂನ್ಯಸಂಪಾದನೆಯ ಸಂಕಲನಕಾರರು ಸಂವಾದದಂತೆ ಕೂಡಿಸಿದರು. ಒಂದಲ್ಲ, ನಾಲ್ಕು ಶೂನ್ಯಸಂಪಾದನೆಗಳು ಬಂದವು. ಶಿವಗಣಪ್ರಸಾದಿ ಮಹಾದೇವಯ್ಯ ಒಂದು ಬಗೆಯಲ್ಲಿ ಹೊಂದಿಸಿದರೆ ಗೂಳೂರು ಸಿದ್ಧವೀರಣ್ಣೊಡೆಯರು ಇನ್ನೊಂದು ಬಗೆಯಲ್ಲಿ ಹೊಂದಿಸಿದರು. ಮತ್ತೊಂದು ಕಡೆ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳ ಕೆಳಗೆ ವಚನಗಳನ್ನು ವಿಂಗಡಿಸುವ ಪದ್ಧತಿ ಬೆಳೆಯಿತು. ಮಾತು ಒಂದೇ. ಭಕ್ತಸ್ಥಲದ ಕೆಳಗಿಟ್ಟರೆ ಒಬ್ಬ ಹೊಸಬನ ತಳಮಳದಂತೆ ಕೇಳಿಸುವುದು ಐಕ್ಯಸ್ಥಲದಲ್ಲಿಟ್ಟರೆ ಬೇರೆಯೇ ಆಗಿ ಕೇಳಿಸುತ್ತದೆ. ಎಲ್ಲಿಟ್ಟರು ಎನ್ನುವುದೇ ಒಂದು ವ್ಯಾಖ್ಯಾನ.

ಇಷ್ಟು ಸಲ ಜಾಗ ಬದಲಾಯಿಸಿದರೂ ವಚನ ತನ್ನ ಒಡೆಯನನ್ನು ಕಳೆದುಕೊಳ್ಳಲಿಲ್ಲವಲ್ಲ, ಅದಕ್ಕೊಂದು ಕಾರಣವಿದೆ. ಅಂಕಿತ ಮಾತಿನ ಒಳಗೇ ಇದೆ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣ, ಗುಹೇಶ್ವರ ಎಂದಿದ್ದರೆ ಅಲ್ಲಮ. ಕಾಯಕದ ಜನರಿಗೂ ಅಂಕಿತಗಳಿದ್ದವು. ಅಕ್ಕಿ ಆಯುತ್ತಿದ್ದ ಲಕ್ಕಮ್ಮನ ಮಾತು ಯಾರ ಸಂಕಲನದಲ್ಲಿ, ಯಾವ ತಲೆಬರಹದ ಕೆಳಗೆ ಕೂತರೂ ಲಕ್ಕಮ್ಮನದೇ. ಅಂಕಿತದ ಬಗ್ಗೆ ವಿದ್ವಾಂಸರಲ್ಲಿ ಜಗಳಗಳಿಲ್ಲದಿಲ್ಲ, ಅದಿರಲಿ. ನನ್ನ ವಿಕಿಯ ಸಾಲುಗಳಿಗೆ ಅಂಕಿತವಿರಲಿಲ್ಲ. ಅವರು ಹೇಳಿದ ಮಾತು ನನ್ನ ಕೈ ದಾಟಿ ಬರುವಾಗ ಅದನ್ನು ಕಳಚಿ ಬರೆದಿದ್ದೆ. ನನಗೆ ಆ ಉದ್ದೇಶ ಇರಲಿಲ್ಲ ಎನ್ನುವುದು ನಿಜ. ಡಾಕ್ಟರ ಹೆಸರು ಮಾತ್ರ ಎಲ್ಲೂ ಕಳಚಿ ಬಿದ್ದಿರಲಿಲ್ಲ ಎನ್ನುವುದೂ ನಿಜ.

ಔಟ್‌ಲೈನರಿನಲ್ಲಿ ಇನ್ನೊಂದಿದೆ, ಮಡಚುವುದು. ಒಂದು ತಲೆಬರಹದ ಪಕ್ಕ ಒತ್ತಿದರೆ ಕೆಳಗಿನದೆಲ್ಲ ಮುಚ್ಚಿಕೊಳ್ಳುತ್ತದೆ. ಕಣ್ಣಿಗೆ ಹಿತ. ನಮ್ಮಲ್ಲಿ ಹಿಂದೆ ಕಡತ ಎಂದರೆ ಹುಣಸೆಬೀಜದ ಸರಿಗೆ ಇದ್ದಿಲ ಪುಡಿ ಸೇರಿಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆಯುತ್ತಿದ್ದರು, ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದ ಹಳೆಯ ಲೆಕ್ಕಪತ್ರಗಳು ಇಂಥ ಕಡತಗಳಲ್ಲಿವೆ. ಈಗ ಸರ್ಕಾರಿ ಫೈಲಿಗೆ ಆ ಹೆಸರು. ಕಡತದಲ್ಲಿ ಮಡಚಿದ್ದು ಮಡಚಿದ್ದಾಗಿಯೇ ಕೈಗೆ ಸಿಗುತ್ತದೆ, ದಪ್ಪ ಗೊತ್ತಾಗುತ್ತದೆ. ಪರದೆಯ ಮೇಲೆ ಮಡಚಿದರೆ ನೂರು ಸಾಲೂ ಒಂದೇ, ಎರಡು ಸಾಲೂ ಒಂದೇ. 14 ತಿಂಗಳಲ್ಲಿ ನಾನು ಅತಿ ಹೆಚ್ಚು ಹೊತ್ತು ಮಡಚಿಟ್ಟಿದ್ದ ತಲೆಬರಹ ಯಾವುದೆಂದು ಯೋಚಿಸಿದೆ. ಖರ್ಚು. ತಿಂಗಳಿಗೊಮ್ಮೆ ಮಾತ್ರ ತೆರೆಯುತ್ತಿದ್ದೆ.

ಸರಿಪಡಿಸಲು ಹೊರಟೆ. ಟಿಡ್ಲಿವಿಕಿಯಲ್ಲಿ ಒಂದೇ ಚೀಟಿಯನ್ನು ನಕಲು ಮಾಡದೆ ಎರಡು ಕಡೆ ಕಾಣಿಸಬಹುದು. ಟೆಡ್ ನೆಲ್ಸನ್ ಎಂಬವರು ಇದಕ್ಕೆ ಟ್ರಾನ್ಸ್‌ಕ್ಲೂಷನ್ ಎಂದು ಹೆಸರಿಟ್ಟರು. ಅವರ ಹೆಸರಿನಲ್ಲಿ ಒಂದು ಹೊಸ ಪುಟ ಮಾಡಿ, ಅವರು ಕಂಡದ್ದು, ಹೇಳಿದ್ದು ಎಲ್ಲವನ್ನೂ ಅಲ್ಲಿಯೂ ಕಾಣುವಂತೆ ಮಾಡಿದೆ. ಎರಡು ರಾತ್ರಿಯ ಕೆಲಸ. ಮಾಡುವಾಗ ಸಮಾಧಾನವಾಗುತ್ತಿತ್ತು, ಮುಗಿದ ಮೇಲೆ ಹೋಯಿತು. ಒಂದು, ಯಾರ ಕಣ್ಣಿಗಾಗಿ ಇದನ್ನೆಲ್ಲ ಮಾಡುತ್ತಿದ್ದೇನೆ? ಈ ವಿಕಿಯನ್ನು ಓದುವವನು ನಾನೊಬ್ಬನೇ. ಎರಡು, ಎರಡೂ ಕಡೆ ಇಟ್ಟೆ ಎಂದರೆ ಯಾವುದು ಮುಖ್ಯ ಎಂದು ಹೇಳುವ ಹೊಣೆಯಿಂದ ತಪ್ಪಿಸಿಕೊಂಡಂತೆಯೂ ಆಗುತ್ತದೆ. ಮೂರನೆಯದು ಇವೆರಡಕ್ಕಿಂತ ಕಿರಿಕಿರಿ ಮಾಡಿದ್ದು. ಅವರ ಪುಟ ತುಂಬುತ್ತ ಹೋದಂತೆ ನನಗೆ ಅವರ ಬಗ್ಗೆ ಎಷ್ಟೆಲ್ಲ ಗೊತ್ತು ಎನ್ನುವುದು ಕಣ್ಣಿಗೆ ರಾಚತೊಡಗಿತು. ಮುಂಗಡದ ಮೂರು ಸಾಲುಗಳ ಕೆಳಗೆ ಕಾರಣಗಳನ್ನೂ ಬರೆದಿದ್ದೆ. ಮಗಳ ಫೀಸು, ಮನೆ ಬಾಡಿಗೆ. ಮೂರನೆಯದನ್ನು ಇಲ್ಲಿ ಬರೆಯಲಾರೆ, ಅವರು ಅಳುತ್ತ ಹೇಳಿದ್ದು ಅದು. ಒಬ್ಬರನ್ನು ಖರ್ಚಿನ ಕೆಳಗಿಂದ ಎತ್ತಿ ತಲೆಬರಹ ಮಾಡುವುದೆಂದರೆ ಅವರಿಗೆ ಗೊತ್ತಿಲ್ಲದಂತೆ ಅವರ ಮೇಲೊಂದು ಕಡತ ತೆರೆಯುವುದೂ ಹೌದು. ಗೌರವ ಕೊಡಲು ಹೋಗಿ ಪತ್ತೇದಾರಿಕೆ ಮಾಡಿದ ಹಾಗಾಯಿತು. ಆ ಮೂರು ಕಾರಣಗಳನ್ನು ಅಳಿಸಿದೆ. ಮೊತ್ತಗಳನ್ನು ಬಿಟ್ಟೆ. ಪುಟವನ್ನು ಏನು ಮಾಡಬೇಕೆಂದು ಹೊಳೆಯಲಿಲ್ಲ.

ಕೊನೆಗೆ ತೋಚಿದ್ದು, ಅವರಿಗೇ ಓದಿ ಹೇಳುವುದು. ಇಷ್ಟು ಸರಳವಾದದ್ದು ಹೊಳೆಯಲು ವಾರ ಹಿಡಿಯಿತಲ್ಲ ಎಂದು ಈಗ ನಗು ಬರುತ್ತದೆ. ಅವರು ಈಗ ರಾಮಕೃಷ್ಣನಗರದಲ್ಲಿ ಇನ್ನೊಬ್ಬರ ಮನೆಯಲ್ಲಿ ಕೆಲಸಕ್ಕಿದ್ದಾರೆ. ಒಂದು ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಫೈಲನ್ನು ಫೋನಿಗೆ ಹಾಕಿಕೊಂಡಿದ್ದೆ. ಅಮ್ಮನ ವಿಷಯ ದಿನಾ ಬರೆದಿಡುತ್ತಿದ್ದೆ, ಅದರಲ್ಲಿ ನೀವು ಹೇಳಿದ್ದೇ ಹೆಚ್ಚು, ಸರಿಯಿದೆಯಾ ನೋಡಿ ಎಂದೆ. "ಅಯ್ಯೋ, ನಾನೇನ್ ಹೇಳಿದ್ನೋ ಏನೋ," ಎಂದು ನಕ್ಕು ಕಾಫಿಗಿಟ್ಟರು.

ಓದುತ್ತ ಹೋದೆ. ಹೆಚ್ಚಿನವಕ್ಕೆ ಹೂಂ ಎನ್ನುತ್ತಿದ್ದರು. ಕಾಲು ಊದಿದ ದಿನ ಮಂಗಳವಾರ ಅಂತಿದ್ದುದನ್ನು ಅಲ್ಲ, ಅವತ್ತು ನೀರು ಬರುವ ದಿನ, ಸೋಮವಾರ ಎಂದು ತಿದ್ದಿದರು. ನನ್ನ ಸಾಲಿಗೆ ಹುಟ್ಟಿದ ಹೊತ್ತಿನ ಮುದ್ರೆಯಿದೆ, ಮಂಗಳವಾರವೇ. ನಾನು ಬರೆದದ್ದು ಮಾರನೇ ದಿನವಿರಬೇಕು. ಅಮ್ಮನಿಗೆ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಹಚ್ಚಿದರೆ ನಿದ್ದೆ ಬರುತ್ತಿತ್ತು ಎಂಬ ಸಾಲಿಗೆ, ಎಣ್ಣೆಗಲ್ಲ, ಹಚ್ಚುವಾಗ ನಾನು ನಮ್ಮೂರಿನ ಸುದ್ದಿ ಹೇಳ್ತಿದ್ದೆ, ಅದಕ್ಕೆ ಅಂದರು.

ಆಮೇಲೆ ಊಟದ ತಲೆಬರಹಕ್ಕೆ ಬಂದೆ. ಕೊನೆಯ ತಿಂಗಳ ಒಂದು ಸಾಲು: "ರಾತ್ರಿ ಊಟ ಬೇಡ ಎಂದಳು."

ಅವರು ಕಾಫಿ ಲೋಟ ಕೆಳಗಿಟ್ಟರು. "ಬೇಡ ಅಂತ ಅಜ್ಜಿ ಅನ್ಲಿಲ್ಲ ಅಣ್ಣ. ನೀವು ಬರ್ಲಿ, ಆಮೇಲೆ ಅಂದ್ರು. ನಾನು ಫೋನಲ್ಲೂ ಹಂಗೇ ಹೇಳ್ದೆ ನಿಮಗೆ."

ಹೇಳಿದ್ದಿರಬೇಕು. ಅವತ್ತು ಆಫೀಸಿನಿಂದ ನಾನು ಬಂದದ್ದು ಹತ್ತೂವರೆಗೆ. ಅಮ್ಮ ಮಲಗಿದ್ದಳು. ಎಬ್ಬಿಸುವುದು ಬೇಡವೆಂದು ಅನ್ನ ಫ್ರಿಜ್ಜಿಗಿಟ್ಟು, ಊಟ ಎಂಬ ತಲೆಬರಹವನ್ನು ತೆರೆದು, ಒಂದು ಸಾಲು ಬರೆದು, ಟ್ಯಾಬ್ ಒತ್ತಿ, ಮಡಚಿದ್ದೆ.

ಅವರ ಎದುರಿಗೇ ಆ ಸಾಲಿನ ಕೆಳಗೆ ಅವರು ಹೇಳಿದ್ದನ್ನು ಅವರು ಹೇಳಿದಂತೆಯೇ ಬರೆದುಕೊಂಡೆ, ಮೊದಲು ಅವರ ಹೆಸರು ಹಾಕಿ. ನನ್ನ ಹಳೆಯ ಸಾಲನ್ನು ಅಳಿಸಿಲ್ಲ. ಇನ್ನೂ ಓದುವುದು ಬಹಳ ಇತ್ತು. ಅವರಿಗೆ ಕೆಲಸದ ಮನೆಗೆ ಹೊತ್ತಾಗಿತ್ತು. ಮುಂದಿನ ಭಾನುವಾರ ಬನ್ನಿ ಅಂದರು.