ಹೊಕ್ಕುಳಿಗೂ ಮಂಡಿಗೂ ನಡುವೆ

ಮಗುವಿಗೆ ಮಾತು ಬರುವುದಕ್ಕೆ ಮುಂಚೆಯೇ ನಾವು ಅದಕ್ಕೆ ಕಲಿಸುವ ಮೊದಲ ಪಾಠ ಅದರ ಮೈಯದ್ದು. ತೊಡೆಯ ಮೇಲೆ ಕೂರಿಸಿಕೊಂಡು "ಕಣ್ಣೆಲ್ಲಿ? ಮೂಗೆಲ್ಲಿ?" ಎಂದು ಕೇಳದ ತಾಯಿ ಇಲ್ಲ. ಮಗು ಸರಿಯಾಗಿ ಮುಟ್ಟಿ ತೋರಿಸಿತೆಂದರೆ ಪಕ್ಕದ ಮನೆಯವರನ್ನು ಕರೆದು ಮತ್ತೊಮ್ಮೆ ಆಟ ಆಡಿಸದ ಅಜ್ಜಿಯೂ ಇಲ್ಲ. ಕಣ್ಣು, ಮೂಗು, ಕಿವಿ, ಬಾಯಿ, ಹೊಟ್ಟೆ, ಹೊಕ್ಕುಳು. ಅಲ್ಲಿಂದ ಒಂದೇ ನೆಗೆತಕ್ಕೆ ಮಂಡಿ, ಪಾದ, ಕಾಲ್ಬೆರಳು. ನಡುವೆ ಏನೂ ಇಲ್ಲ. ಶಾಲೆಯ ಗೋಡೆಗೆ ತೂಗುಹಾಕಿದ ಪಟದಲ್ಲೂ ಹೀಗೆಯೇ. ಹುಡುಗನೊಬ್ಬ ನೀಲಿ ಚಡ್ಡಿ ತೊಟ್ಟು ನಿಂತಿರುತ್ತಾನೆ, ಹೆಸರು ಬರೆದ ಬಾಣಗಳೆಲ್ಲ ಆ ಚಡ್ಡಿಯನ್ನು ಬಳಸಿಕೊಂಡು ಹೋಗುತ್ತವೆ.

ಈ ನೆಗೆತ ಸರಿಯೇ ಎಂಬ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳು ನಾನು. ಈಗ ನಿಟ್ಟೂರಿನ ಮನೆಯಲ್ಲಿ ಮೊಮ್ಮಗಳ ಜೊತೆಗೆ ಬೀದಿಯ ನಾಲ್ಕಾರು ಮಕ್ಕಳೂ ಸಂಜೆ ಹೊತ್ತು ಜಗುಲಿಗೆ ಬಂದು ಸೇರುತ್ತವೆ. ಮೈಯೊಳಗೆ ಏನೇನಿದೆ ಎಂದು ಹೇಳತೊಡಗಿದರೆ ಮಕ್ಕಳಷ್ಟು ಆಸೆಯಿಂದ ಕೇಳುವವರು ಬೇರೆ ಯಾರೂ ಇಲ್ಲ.

ಅದನ್ನು ಹೇಳುವುದಕ್ಕೆ ಪಟ ಬೇಕಾಗಿಲ್ಲ. ನಮ್ಮ ಕಡೆ ಎಲ್ಲಿ ನೋಡಿದರೂ ತೆಂಗು. ಜುಟ್ಟು ಬಿಡಿಸಿದ ಕಾಯಿಯೊಂದನ್ನು ಕೈಗೆ ಕೊಟ್ಟು, ನಿನ್ನ ತಲೆಯೂ ಹೀಗೇ, ಹೊರಗೆ ಗಟ್ಟಿ ಚಿಪ್ಪು, ಒಳಗೆ ಮೆತ್ತನೆಯ ಮಿದುಳು, ಅದಕ್ಕೇ ಬೈಕಿನ ಮೇಲೆ ಕೂತಾಗ ಹೆಲ್ಮೆಟ್ಟು ಎಂದರೆ ಸಾಕು. ಮುಷ್ಟಿ ಬಿಗಿ ಹಿಡಿಯಲು ಹೇಳಿ, ನಿನ್ನ ಗುಂಡಿಗೆ ಸುಮಾರು ಇಷ್ಟೇ ದಪ್ಪ ಎಂದರೆ ಪ್ರತಿಯೊಂದು ಮಗುವೂ ತನ್ನ ಮುಷ್ಟಿಯನ್ನು ಬೇರೆಯವರದರ ಪಕ್ಕ ಹಿಡಿದು ನೋಡುತ್ತದೆ. ನನ್ನದು ನಿಮಿಷಕ್ಕೆ 72 ಸಲ ಬಡಿದರೆ ಐದು ವರ್ಷದವರದು ನೂರರ ಆಸುಪಾಸು ಎಂದು ಎಣಿಸಿ ತೋರಿಸಿದಾಗ, ಅಜ್ಜಿಗಿಂತ ತಮ್ಮದೇ ಜೋರು ಎಂದು ಅವಕ್ಕೆ ಹೆಮ್ಮೆ. ಅವರಿಗೆ ತುಂಬಾ ಹಿಡಿಸುವುದು ಕರುಳು. ಒಂದು ಹಳೆಯ ಸೀರೆಯನ್ನು ಜಗುಲಿಯಿಂದ ಅಂಗಳದವರೆಗೆ ಉದ್ದಕ್ಕೆ ಹಾಸುತ್ತೇನೆ. ಸೀರೆ ಐದೂವರೆ ಮೀಟರು. ದೊಡ್ಡವರ ಸಣ್ಣ ಕರುಳು ಆರು ಮೀಟರಿನಷ್ಟು, ಅಂದರೆ ಸೀರೆಗಿಂತ ಒಂದು ಮೊಳ ಹೆಚ್ಚು. ಅಷ್ಟು ಉದ್ದದ್ದು ಇಷ್ಟು ಹೊಟ್ಟೆಯಲ್ಲಿ ಹೇಗೆ ಹಿಡಿಯಿತು? ನೆರಿಗೆ ಹಿಡಿದು ತೋರಿಸುತ್ತೇನೆ. ಮಾಂಸದಂಗಡಿಯ ಮನೆಯ ಹುಡುಗನೊಬ್ಬನಿದ್ದಾನೆ. ಈಲಿ, ಗುಂಡಿಗೆ, ಬೋಟಿಗಳ ವಿಷಯದಲ್ಲಿ ಅವನು ನನಗೇ ಪಾಠ ಹೇಳಬಲ್ಲ. ಯಕೃತ್ತು ಎಂದು ನಾನು ಪುಸ್ತಕದ ಮಾತಾಡಿದಾಗ "ಈಲಿ ಅಂತ ಹೇಳಿ ಮಿಸ್" ಎಂದು ತಿದ್ದುತ್ತಾನೆ. ಅವನೇ ಸರಿ.

ಹೆಸರು ಕಷ್ಟವಾದರೆ ಮಕ್ಕಳಿಗೆ ಹಿಡಿಸುವುದಿಲ್ಲ ಎನ್ನುವುದೂ ಸುಳ್ಳು. 2018ರ ಕೊನೆಯಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳನ್ನು ಶಸ್ತ್ರಚಿಕಿತ್ಸೆಗೆಂದು ಚೆನ್ನೈಗೆ ಕರೆದುಕೊಂಡು ಹೋಗಿದ್ದು, 2019ರ ಜನವರಿ 21ರಂದು ತಮ್ಮ 111ನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದದ್ದು ನಿಮಗೆಲ್ಲ ನೆನಪಿರಬೇಕು. ಆ ತಿಂಗಳುಗಳಲ್ಲಿ ತುಮಕೂರು ಸೀಮೆಯ ಮನೆಮನೆಯಲ್ಲೂ ಪಿತ್ತನಾಳ, ಸ್ಟೆಂಟು ಎಂಬ ಮಾತುಗಳೇ. ಪಿತ್ತನಾಳ ಎಂದರೇನು, ಎಲ್ಲಿರುತ್ತೆ ಎಂದು ಮಕ್ಕಳು ಕೇಳಿದವು. ಹಾಲು ಹಾಕುವವನಿಂದ ಹಿಡಿದು ಬಸ್ಸಿನ ಕಂಡಕ್ಟರವರೆಗೆ ಎಲ್ಲರೂ ವಿವರಿಸಿದರು. ಯಾರೂ ಬಾಯಿಗೆ ಸೆರಗು ಅಡ್ಡ ಹಿಡಿಯಲಿಲ್ಲ. ಭಕ್ತಿ, ಆತಂಕ ಎರಡೂ ಸೇರಿದರೆ ಒಂದು ಇಡೀ ಜಿಲ್ಲೆ ಒಂದು ಹೊಸ ಅಂಗದ ಹೆಸರನ್ನು ವಾರದಲ್ಲಿ ಕಲಿಯುತ್ತದೆ.

ಹೀಗಿರುವಾಗ ಹೊಕ್ಕುಳ ಕೆಳಗೆ ಇಳಿದರೆ ಮಾತ್ರ ನಮಗೆ ಮಾತು ನಿಲ್ಲುವುದೇಕೆ?

ನಮ್ಮವರಿಗೆ ಬತ್ತಲೆ ಮೈ ಹೊಸದೆಂದೇನೂ ಅಲ್ಲ. ನಿಟ್ಟೂರಿನಲ್ಲೇ ಹೊಯ್ಸಳರ ಕಾಲದ, ಹನ್ನೆರಡನೆಯ ಶತಮಾನದ ಶಾಂತಿನಾಥ ಬಸದಿ ಇದೆ. ಶಾಲೆಯ ಪ್ರವಾಸವೆಂದರೆ ಶ್ರವಣಬೆಳಗೊಳ. ಅಲ್ಲಿ ಸಾವಿರ ವರ್ಷಕ್ಕೂ ಹಿಂದಿನಿಂದ ಸುಮಾರು 58 ಅಡಿ ಎತ್ತರದ ಬಾಹುಬಲಿ ಒಂದು ಎಳೆ ನೂಲೂ ಇಲ್ಲದೆ ನಿಂತಿದ್ದಾನೆ, ಲಕ್ಷಾಂತರ ಜನ ಕೈಮುಗಿದಿದ್ದಾರೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತ ಮಕ್ಕಳಲ್ಲಿ ಒಬ್ಬರಾದರೂ "ಮಿಸ್, ಬಾಹುಬಲಿಗೆ ಚಡ್ಡಿ ಯಾಕಿಲ್ಲ?" ಎಂದು ಕೇಳಿಯೇ ಕೇಳುತ್ತಾರೆ. ಜೊತೆಗಿದ್ದ ದೊಡ್ಡವರು "ಶ್! ದೇವರು" ಎನ್ನುತ್ತಾರೆ. ರಾಜ್ಯ ಬಿಟ್ಟ, ಬಟ್ಟೆಯನ್ನೂ ಬಿಟ್ಟ, ಮುಚ್ಚಿಡುವಂಥದ್ದು ಅವನಲ್ಲಿ ಏನೂ ಉಳಿದಿರಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಮಗುವಿಗೆ ಸಾಕಾಗುತ್ತಿತ್ತು. ಆ "ಶ್"ನಿಂದ ಮಗು ಕಲಿತದ್ದು ದೇವರನ್ನಲ್ಲ. ತನ್ನ ಮೈಯಲ್ಲೂ ಒಂದು "ಶ್" ಇದೆ ಎಂಬುದನ್ನು.

ನಮ್ಮ ಭಾಷೆಯಲ್ಲೂ ಒಂದು ತೊಡಕಿದೆ. ಆ ಭಾಗಗಳಿಗೆ ಸಂಸ್ಕೃತದಿಂದ ಬಂದ ಹೆಸರುಗಳಿವೆ, ಅವು ಡಾಕ್ಟರರ ಬಾಯಲ್ಲಿ ಮಾತ್ರ. ಅಚ್ಚಗನ್ನಡದ ಹೆಸರುಗಳಿವೆ, ಅವನ್ನು ಬೈಗುಳಕ್ಕೆ ಬಿಟ್ಟುಕೊಟ್ಟಿದ್ದೇವೆ. ಉಳಿದದ್ದು ಒಂದೊಂದು ಮನೆಯಲ್ಲಿ ಒಂದೊಂದು ಮುದ್ದುಹೆಸರು. ಪಕ್ಕದ ಮನೆಯವರಿಗೆ ಅದು ಅರ್ಥವಾಗದು. ಸಭ್ಯವಾಗಿ ಹೇಳಬೇಕಾದಾಗ ನಾವು "ಗುಪ್ತಾಂಗ" ಎನ್ನುತ್ತೇವೆ. ನನಗೆ ಈ ಮಾತೇ ಸರಿಬರುವುದಿಲ್ಲ. ಗುಪ್ತ ಎಂದರೆ ಗುಟ್ಟು. ಗುಟ್ಟು ಎಂಬುದು ಸಾಮಾನ್ಯವಾಗಿ ಇಬ್ಬರ ನಡುವೆ ಇರುವಂಥದ್ದು, ಮೂರನೆಯವರಿಗೆ ಹೇಳಬಾರದ್ದು. ಮಗುವಿಗೆ ಕೇಡು ಮಾಡುವವನೂ ಬಳಸುವುದು ಇದೇ ಮಾತನ್ನೇ: ಇದು ನಮ್ಮಿಬ್ಬರ ಗುಟ್ಟು, ಅಮ್ಮನಿಗೆ ಹೇಳಬೇಡ. ಅವನು ಬರುವ ಮುಂಚೆಯೇ ನಾವು ಅವನ ಅರ್ಧ ಕೆಲಸ ಮಾಡಿಕೊಟ್ಟಿರುತ್ತೇವೆ. ಅದರ ಬದಲು "ಇದು ನಿನ್ನ ಸ್ವಂತದ್ದು" ಎಂದು ಹೇಳಿಕೊಟ್ಟರೆ? ಸ್ವಂತದ್ದಕ್ಕೆ ಒಬ್ಬರೇ ಒಡೆಯರು. ಸ್ವಂತ ಪೆನ್ಸಿಲನ್ನು ಯಾರಾದರೂ ಕೇಳದೆ ಮುಟ್ಟಿದರೆ ಮಕ್ಕಳು ಎಷ್ಟು ದೊಡ್ಡ ಗಲಾಟೆ ಮಾಡುತ್ತವೆ, ನೀವೇ ನೋಡಿದ್ದೀರಿ.

ಇದು ಬರಿಯ ಮಾತಿನ ವಿಚಾರವಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ಮಕ್ಕಳನ್ನೇ ಕೇಳಿ ನಡೆಸಿದ ಅಧ್ಯಯನ 2007ರಲ್ಲಿ ಹೊರಬಂತು. ನೂರಕ್ಕೆ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳವನ್ನು ಕಂಡಿದ್ದರು, ಹುಡುಗರೂ ಕಡಿಮೆಯಿರಲಿಲ್ಲ. ಕಾಡಿದವರಲ್ಲಿ ಗುರುತಿನವರು, ನಂಬಿಕೆಯವರು ಬಹಳ. 2012ರ ನವೆಂಬರ್ 14ರಂದು, ಮಕ್ಕಳ ದಿನದಂದೇ, ಪೋಕ್ಸೊ ಕಾಯಿದೆ ಜಾರಿಗೆ ಬಂತು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೇ, ಆದಷ್ಟೂ ಮಹಿಳಾ ಅಧಿಕಾರಿಯೇ, ಅದೂ ಸಮವಸ್ತ್ರ ಹಾಕದೆ ಬರೆದುಕೊಳ್ಳಬೇಕು ಎಂದು ಅದರಲ್ಲಿದೆ. ಒಳ್ಳೆಯ ಕಾಯಿದೆ. ಆದರೆ ಆ ಅಧಿಕಾರಿ ಎದುರಿಗೆ ಕೂತು "ಎಲ್ಲಿ ಮುಟ್ಟಿದ ಕಂದ?" ಎಂದು ಕೇಳಿದಾಗ ಮಗುವಿನ ಬಳಿ ಪದವೇ ಇಲ್ಲದಿದ್ದರೆ ಕಾಯಿದೆ ಏನು ಮಾಡೀತು? 1098ಕ್ಕೆ ಫೋನು ಮಾಡಿದರೂ ಮಾತಾಡಲೇಬೇಕು.

ಇದಕ್ಕೆ ಎದುರು ಮಾತೂ ಇದೆ. ನನ್ನ ಅತ್ತೆಗೆ ಎಂಬತ್ತಾರು. ಜಗುಲಿಯ ಪಾಠ ಕೇಳುತ್ತ ಒಳಗಿನಿಂದಲೇ "ಎಳೇ ಮಕ್ಕಳ ಮುಗ್ಧತೆ ಯಾಕೆ ಕೆಡಿಸ್ತೀಯೆ?" ಎನ್ನುತ್ತಾರೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಸಂಕೋಚಕ್ಕೆ ಅದರದೇ ಬೆಲೆ ಇದೆ. ಸ್ನಾನದ ಮನೆಗೆ ಬಾಗಿಲಿರುವುದು ಒಳ್ಳೆಯದಕ್ಕೇ. ಆದರೆ ಬಾಗಿಲು ಹಾಕಿಕೊಳ್ಳುವುದು ಬೇರೆ, ಮನೆಯಲ್ಲಿ ಅಂಥದ್ದೊಂದು ಕೋಣೆಯೇ ಇಲ್ಲ ಎನ್ನುವುದು ಬೇರೆ. ಮೂಗಿನ ಹೆಸರು ಗೊತ್ತಾಗಿ ಯಾವ ಮಗುವಿನ ಮುಗ್ಧತೆಯೂ ಕೆಡಲಿಲ್ಲ. ಹೆಸರನ್ನು ನಾವು ಹೇಗೆ ಹೇಳುತ್ತೇವೆ ಎಂಬುದರಲ್ಲಿ ಕೆಡುವುದು ಉಳಿಯುವುದು ಇದೆ. ಐದು ವರ್ಷದವರಿಗೆ ಎಲ್ಲವನ್ನೂ ಬಿಡಿಸಿ ಹೇಳು ಎಂದು ನಾನೂ ಹೇಳುವುದಿಲ್ಲ. ಹೆಸರು, ಅದರ ಕೆಲಸ, ಅದು ಯಾರದು, ಇಷ್ಟು ಸಾಕು. ಉಳಿದದ್ದನ್ನು ಮಗು ಕೇಳಿದಾಗ, ಕೇಳಿದಷ್ಟು.

ಹೇಳದೆ ಬಿಟ್ಟ ಪಾಠ ಎಷ್ಟು ದೂರ ಹೋಗುತ್ತದೆ ಎಂಬುದನ್ನು ನಾನು ನೋಡಿದ್ದೇನೆ. ನಮ್ಮ ನೆಂಟರಲ್ಲಿ ಒಬ್ಬರು ದೊಡ್ಡಮ್ಮ. ಮುಟ್ಟು ನಿಂತು ಹತ್ತು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತು. ಯಾರಿಗೆ ಹೇಳುವುದು, ಏನೆಂದು ಹೇಳುವುದು? ಮಗನ ಜೊತೆ ಡಾಕ್ಟರ ಬಳಿ ಹೋದಾಗಲೆಲ್ಲ "ಸೊಂಟ ನೋವು" ಎಂದರು. ಸೊಂಟಕ್ಕೆ ಮುಲಾಮು ಬಂತು, ಮಾತ್ರೆ ಬಂತು. ಎರಡು ವರ್ಷ ಹೀಗೇ ಕಳೆಯಿತು. ಕೊನೆಗೆ ಬೆಂಗಳೂರಿನಲ್ಲಿ ಗರ್ಭಕಂಠದ ಕ್ಯಾನ್ಸರು ಎಂದು ಗೊತ್ತಾದಾಗ ಎಂಟು ತಿಂಗಳ ಆಯುಸ್ಸು ಉಳಿದಿತ್ತು. ನಮ್ಮ ದೇಶದ ಹೆಂಗಸರಲ್ಲಿ ಸ್ತನದ ಕ್ಯಾನ್ಸರು ಬಿಟ್ಟರೆ ಹೆಚ್ಚಾಗಿ ಕಾಣುವುದು ಇದೇ. ಬೇಗ ಕಂಡರೆ ವಾಸಿಯಾಗುವಂಥದ್ದೂ ಹೌದು. ದೊಡ್ಡಮ್ಮ ಅಂಜುಬುರುಕಿಯಲ್ಲ, ತೋಟದಲ್ಲಿ ಹಾವು ಹೊಡೆದವರು. ಅವರಿಗೆ ಧೈರ್ಯ ಇತ್ತು, ಮಾತಿರಲಿಲ್ಲ. ಈಗ ಈ ಕಾಯಿಲೆ ತಡೆಯಲು 9ರಿಂದ 14 ವರ್ಷದ ಹುಡುಗಿಯರಿಗೆ ಲಸಿಕೆ ಇದೆ. ಯಾವುದಕ್ಕೆ ಈ ಸೂಜಿ ಎಂದು ಹುಡುಗಿ ಕೇಳಿದರೆ ನಾವು ಯಾವ ಅಂಗದ ಹೆಸರು ಹೇಳುತ್ತೇವೆ?

ವೈದ್ಯೆಯೂ ಆಗಿದ್ದ ಅನುಪಮಾ ನಿರಂಜನ (1934–1991) ನಮ್ಮ ತಲೆಮಾರಿಗೆ ಮಾಡಿದ ಉಪಕಾರ ದೊಡ್ಡದು. 'ಕೇಳು ಕಿಶೋರಿ', 'ವಧುವಿಗೆ ಕಿವಿಮಾತು' ಪುಸ್ತಕಗಳನ್ನು ನ್ಯೂಸ್‌ಪೇಪರಿನ ರಟ್ಟು ಹಾಕಿ, ಒಬ್ಬರಿಂದೊಬ್ಬರು ಇಸಿದುಕೊಂಡು ಓದಿದವರು ನಾವು. ಕಿಶೋರಿಗೆ ಹೇಳಿದರು, ವಧುವಿಗೆ ಹೇಳಿದರು. ಐದು ವರ್ಷದ ಮಗುವಿಗೆ ಹೇಳಬೇಕಾದ್ದು ಮನೆಯವರ ಪಾಲಿಗೆ ಉಳಿಯಿತು. ಮನೆಯವರು ಏನು ಹೇಳಿದರು? "ಅಮ್ಮನಿಗೆ ಕಾಗೆ ಮುಟ್ಟಿದೆ" ಎಂದರು. ಅಂಗಳಕ್ಕೆ ಬಂದ ಕಾಗೆಯನ್ನು ಕಂಡು ಬಡಪಾಯಿ ಮಕ್ಕಳು ಓಡಿ ಒಳಗೆ ಸೇರಿಕೊಳ್ಳುತ್ತಿದ್ದವು! 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕವೆಂದು ಬಾಣಂತಿಯನ್ನು ಮಗುವಿನೊಡನೆ ಊರಾಚೆಯ ಗುಡಿಸಿಲಿನಲ್ಲಿಟ್ಟು, ಎಳೆಗೂಸು ತೀರಿಕೊಂಡ ಸುದ್ದಿ ಓದಿದಾಗ ಪಟ್ಟಣದ ಅನೇಕರು ಆ ಜನರನ್ನು ಬೈದರು. ಹಿತ್ತಲಿನಲ್ಲಿ ಬೇರೆ ಚಾಪೆ, ಬೇರೆ ಲೋಟ ಇಟ್ಟ ಮನೆಗಳಿಂದಲೂ ಬೈಗುಳ ಬಂತು. ಗುಡಿಸಿಲಿಗೂ ಆ ಚಾಪೆಗೂ ದೂರದಲ್ಲಿ ವ್ಯತ್ಯಾಸವಿದೆ, ದಿಕ್ಕು ಒಂದೇ. ಜೀವ ಕೊಡುವ ಅಂಗವೊಂದಕ್ಕೆ ಮಕ್ಕಳು ಮೊದಲು ಕಲಿಯುವ ಹೆಸರು "ಮೈಲಿಗೆ" ಎಂದಾದರೆ ಮುಂದೆ ಬರುವ ಯಾವ ವಿಜ್ಞಾನದ ಪಾಠವೂ ಅದನ್ನು ಪೂರ್ತಿ ತೊಳೆಯಲಾರದು.

ಮೊನ್ನೆ ನಮ್ಮ ಪುಟ್ಟಿ ತಾನು ಎಲ್ಲಿಂದ ಬಂದೆ ಎಂದು ಕೇಳಿದಳು. ಅಮ್ಮನ ಹೊಟ್ಟೆಯಿಂದ ಎಂದರೆ, ಊಟ ಹೋಗುವ ಹೊಟ್ಟೆಯೇ ಎಂಬ ಪ್ರಶ್ನೆ ತಯಾರಾಗಿತ್ತು. ಇಲ್ಲಮ್ಮ, ಅದರ ಕೆಳಗೆ ಮಗುವಿಗೆಂದೇ ಬೇರೆ ಚೀಲವಿದೆ, ಗರ್ಭಕೋಶ ಅಂತ, ಸಣ್ಣ ಸೀಬೆಹಣ್ಣಿನಷ್ಟು ಇರುತ್ತೆ, ಮಗು ಬೆಳೆದ ಹಾಗೆ ತಾನೂ ಬೆಳೆಯುತ್ತೆ, ಆಮೇಲೆ ಮತ್ತೆ ಕುಗ್ಗುತ್ತೆ ಎಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದಳು.

"ಅಪ್ಪ ನಿನ್ನ ಗರ್ಭಕೋಶದಲ್ಲಿದ್ನಾ ಅಜ್ಜಿ?"

"ಹೂಂ."

"ಈಗ್ಲೂ ಇದ್ಯಾ ಅದು?"

"ಇಲ್ಲ ಕಂದ, ತೊಂದರೆ ಆಗಿತ್ತು, ಆಪರೇಷನ್ ಮಾಡಿ ತೆಗೆದರು."

"ತೆಗೆದು ಎಲ್ಲಿಟ್ರು?"

ನಾನು ಸುಮ್ಮನಿದ್ದೆ. ಅದು ಅಪ್ಪನ ಮೊದಲನೇ ಮನೆಯಲ್ಲವಾ, ಹಾಗೆ ಎಸೆದುಬಿಡಬಹುದಾ ಎಂದು ಅವಳಿಗೆ ಬೇಜಾರು. ಶನಿವಾರ ಬೆಂಗಳೂರಿನಿಂದ ರೈಲಿಳಿದು ಬಂದ ಅಪ್ಪನಿಗೆ ಬಾಗಿಲಲ್ಲೇ ಈ ಸುದ್ದಿ ಮುಟ್ಟಿಸಿದಳು. ಅವನು ಬ್ಯಾಗು ಕೆಳಗಿಡುತ್ತ ನನ್ನ ಮುಖ ನೋಡಿದ. ಆಪರೇಷನ್ ಆಗಿ ಹದಿನೆಂಟು ವರ್ಷವಾಗಿದ್ದರೂ ಅದು ಯಾವುದರ ಆಪರೇಷನ್ ಎಂದು ನನ್ನ ಮಗನಿಗೆ ಅವತ್ತೇ ತಿಳಿದದ್ದು. "ಈಗ ನೋವಿಲ್ಲ ತಾನೇ ಅಮ್ಮ?" ಎಂದು ಕೇಳಿದ. ಇಲ್ಲ ಎಂದೆ. ಒಳಗಿನ ಕೋಣೆಯಿಂದ ಅತ್ತೆ, "ನಂದು ಇನ್ನೂ ಇದೆ ಕಣೇ ಪುಟ್ಟಿ" ಎಂದರು.