ಜಯವು ಯಾರದು?

ಪ್ರಾಚೀನ ಗ್ರೀಸಿನ ಒಲಿಂಪಿಯಾ ಕ್ಷೇತ್ರದಲ್ಲಿ ಜೀಯಸ್ ದೇವನ ಪ್ರೀತ್ಯರ್ಥವಾಗಿ ನಾಲ್ಕು ವರ್ಷಗಳಿಗೊಮ್ಮೆ ಕ್ರೀಡಾಮಹೋತ್ಸವವು ಜರುಗುತ್ತಿದ್ದಿತು. ಗೆದ್ದವರಿಗೆ ಅಲ್ಲಿ ದೊರೆಯುತ್ತಿದ್ದುದು ಆಲಿವ್ ಎಲೆಗಳ ಕಿರೀಟ ಮಾತ್ರ. ಎಲೆಯು ಬಾಡುವುದು, ಬೆಳ್ಳಿಯು ಬಾಡದು. ಆದುದರಿಂದಲೇನೋ, ಕೆಲವರು ಅರಸರು ತಮ್ಮ ಜಯವನ್ನು ನಾಣ್ಯದ ಮೇಲೆ ಅಚ್ಚೊತ್ತಿಸಿದರು.

ಕ್ರಿ.ಪೂ. 356ರಲ್ಲಿ ಮ್ಯಾಸಿಡೋನಿಯದ ಅರಸನಾದ ಎರಡನೆಯ ಫಿಲಿಪ್ಪನ ಕುದುರೆಯು ಒಲಿಂಪಿಯಾದಲ್ಲಿ ಗೆದ್ದಿತು. ಅವನು ಹೊರಡಿಸಿದ ನಾಲ್ಕು ದ್ರಾಖ್ಮೆಯ ಬೆಳ್ಳಿನಾಣ್ಯಗಳ ಒಂದು ಮುಖದಲ್ಲಿ ಜೀಯಸನ ಶಿರಸ್ಸಿದೆ. ಇನ್ನೊಂದು ಮುಖದಲ್ಲಿ, ಒಂದು ಬಗೆಯ ನಾಣ್ಯಗಳ ಮೇಲೆ, ಜಯಸೂಚಕವಾದ ಖರ್ಜೂರದ ಗರಿಯನ್ನು ಹಿಡಿದು ಕುದುರೆಯೇರಿದ ಬಾಲಕನಿದ್ದಾನೆ. ಪಕ್ಕದಲ್ಲಿರುವ ಅಕ್ಷರಗಳು ‘ಫಿಲಿಪ್ಪನದು’ ಎಂದಷ್ಟೇ ಸಾರುವುವು. ಬಾಲಕನ ಹೆಸರು ಅಲ್ಲಿಲ್ಲ.

ಇದು ಫಿಲಿಪ್ಪನೊಬ್ಬನ ಅಹಂಕಾರವೆನ್ನಲಾಗದು. ಅಶ್ವಸ್ಪರ್ಧೆಯ ಕಿರೀಟವು ಒಡೆಯನಿಗೆ ಸಲ್ಲತಕ್ಕದ್ದೆಂಬುದೇ ಅಲ್ಲಿಯ ನಿಯಮವಾಗಿದ್ದಿತು. ಕೊರಿಂಥದ ಫೈಡೋಲಾಸನ ಹೆಣ್ಣುಗುದುರೆ ಔರಾ ಎಂಬುದು ಆರಂಭದಲ್ಲಿಯೇ ಸವಾರನನ್ನು ಕೆಡವಿ, ತಾನಾಗಿಯೇ ಓಡಿ ಮೊದಲನೆಯದಾಯಿತೆಂದೂ, ಜಯವು ಫೈಡೋಲಾಸನದೆಂದೇ ಘೋಷಿತವಾಯಿತೆಂದೂ ಪೌಸೇನಿಯಸನು ಬರೆದಿದ್ದಾನೆ. ಸ್ಪಾರ್ಟದ ರಾಜಪುತ್ರಿ ಕಿನಿಸ್ಕೆಯ ರಥವು ಕ್ರಿ.ಪೂ. 396ರಲ್ಲಿಯೂ 392ರಲ್ಲಿಯೂ ಗೆದ್ದಿತು. ಸ್ತ್ರೀಯು ಕಣಕ್ಕಿಳಿಯುವಂತಿರದಿದ್ದರೂ ಜಯವು ಆಕೆಯದೇ ಆಯಿತು. ಇಂತಹ ಗೆಲುವು ಪೌರುಷದ ಫಲವಲ್ಲ, ಐಶ್ವರ್ಯದ ಫಲವೆಂದು ತೋರಿಸುವುದಕ್ಕಾಗಿಯೇ ಅವಳ ಅಣ್ಣನಾದ ಅರಸು ಅಗೆಸಿಲಾಸನು ಅವಳನ್ನು ಪ್ರೇರಿಸಿದನೆಂದು ಕ್ಸೆನೊಫನನು ತಿಳಿಸುವನು.

ಹಾಗಾದರೆ ಜಯವು ಯಾರದು? ಮಾಡುವವನೂ ಮಾಡಿಸುವವನೂ ಇಬ್ಬರೂ ಕರ್ತೃಗಳೇ ಎಂದು ನಮ್ಮ ವೈಯಾಕರಣರು ಎಣಿಸಿ, ಒಬ್ಬನನ್ನು ಪ್ರಯೋಜ್ಯನೆಂದೂ ಇನ್ನೊಬ್ಬನನ್ನು ಪ್ರಯೋಜಕನೆಂದೂ ಕರೆದರು. ಪುಣ್ಯಪಾಪಗಳಲ್ಲಿ ಇಬ್ಬರಿಗೂ ಪಾಲುಂಟೆಂದು ಧರ್ಮಜ್ಞರು ಹೇಳುವರು. ಯಶಸ್ಸಿನಲ್ಲಿ ಮಾತ್ರ ಒಬ್ಬನೇ ಭಾಗಿಯಾಗುವುದು ಹೇಗೆ?

ಒಡೆಯನ ಪಾಲು ಅಲ್ಪವೆಂದಲ್ಲ. ಉತ್ತಮ ತಳಿಯನ್ನು ಆರಿಸಿ, ವರ್ಷಗಟ್ಟಲೆ ಸಾಕಿ, ವೆಚ್ಚವನ್ನು ಹೊತ್ತವನು ಅವನು. ಅವನಿಲ್ಲದೆ ಕುದುರೆಯೇ ಕಣಕ್ಕೆ ಬರುತ್ತಿರಲಿಲ್ಲ. ಆದರೆ ಕುದುರೆಯು ಮುಗ್ಗರಿಸಿದರೆ ಒಡೆಯನಿಗಾಗುವುದು ಧನಹಾನಿ ಮತ್ತು ಮಾನಹಾನಿ, ಸವಾರನಿಗಾಗುವುದು ಪ್ರಾಣಹಾನಿ. ಸೋಲಿನ ಪೆಟ್ಟು ಯಾರ ಮೈಮೇಲೆ ಬೀಳುವುದೋ ಅವನಿಗೆ ಗೆಲುವಿನ ಕೀರ್ತಿಯಲ್ಲಿ ಪಾಲಿಲ್ಲವೆಂಬುದು ನ್ಯಾಯವೆನಿಸದು. ಒಡೆಯನನ್ನು ಹೊಗಳಿದುದು ದೋಷವಲ್ಲ, ಸವಾರನನ್ನು ಮರೆತುದು ದೋಷ.

ಈ ಮರೆವು ಗ್ರೀಕರೊಂದಿಗೇ ಮುಗಿಯಲಿಲ್ಲ. ದೇಗುಲದ ಶಾಸನದಲ್ಲಿ ಕಟ್ಟಿಸಿದವನ ಹೆಸರಿರುವುದು, ಕಟ್ಟಿದವನ ಹೆಸರು ಬಹುಮಟ್ಟಿಗೆ ಇರದು. ಮಾಡಿಸಿದವನನ್ನು ಕೊಂಡಾಡುವಾಗ ಮಾಡಿದವನು ಯಾರೆಂದು ವಿಚಾರಿಸುವುದು ಸಜ್ಜನರಿಗೆ ಉಚಿತವಾದ ಧರ್ಮ. ಫಿಲಿಪ್ಪನ ನಾಣ್ಯವು ಸವಾರನ ರೂಪವನ್ನಾದರೂ ಉಳಿಸಿತು. ಹೆಸರನ್ನು ಉಳಿಸುವುದಕ್ಕೆ ಇನ್ನು ನಾಲ್ಕಾರು ಅಕ್ಷರಗಳು ಸಾಕಾಗಿದ್ದುವು.